ಭಯ ಕಿವಿಯಿಂದ ಒಳಗೆ ಬರುತ್ತದೆ

‘ಶೋಲೆ’ ಸಿನಿಮಾದಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಡಕಾಯಿತ ಗಬ್ಬರ್ ಸಿಂಗ್ ಅಲ್ಲ, ಠಾಕೂರನ ಮನೆಯಂಗಳದ ಉಯ್ಯಾಲೆ. ಮೋಡ ಕವಿದ ಹಗಲು. ಮನೆಮಂದಿಯೆಲ್ಲ ತಮ್ಮತಮ್ಮ ಪಾಡಿಗೆ ಇದ್ದಾರೆ. ಉಯ್ಯಾಲೆ ಕಿರ್ರ್, ಕಿರ್ರ್ ಅನ್ನುತ್ತಿದೆ. ಎಲ್ಲಿಂದಲೋ ಗುಂಡು ಹಾರುತ್ತದೆ, ಒಬ್ಬೊಬ್ಬರೇ ಉರುಳುತ್ತಾರೆ. ಅಳು ಬರಿಸುವ ಪಿಟೀಲಿಲ್ಲ, ಎದೆ ನಡುಗಿಸುವ ಡೋಲಿಲ್ಲ. ಕೊನೆಗೆ ಉಳಿಯುವವನು ಒಬ್ಬ ಪುಟ್ಟ ಹುಡುಗ. ಅವನ ಮುಂದೆ ಬಂದೂಕು. ಅವನು ಸಾಯುವುದನ್ನು ಚಿತ್ರ ತೋರಿಸುವುದಿಲ್ಲ. ಠಾಕೂರ ಊರಿಗೆ ಬಂದಾಗ ಅಂಗಳದಲ್ಲಿ ಸಾಲಾಗಿ ಮಲಗಿಸಿದ ಹೆಣಗಳ ಬಿಳಿ ಬಟ್ಟೆಯನ್ನು ಗಾಳಿ ಎಳೆಯುತ್ತಿರುತ್ತದೆ, ಅಷ್ಟೇ.

ನಾನು ಟೆಂಟ್ ಸಿನಿಮಾದಲ್ಲಿ ಆಪರೇಟರ್ ಆಗಿದ್ದವನು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಟೆಂಟ್ ಎತ್ತಿ ಇಳಿಸಿ ಓಡಾಡಿದ ಕಾಲ ಅದು. ಆಪರೇಟರಿಗೆ ಸಿನಿಮಾ ನೋಡಲು ಬಿಡುವು ಕಡಿಮೆ. ಅವನ ಕಣ್ಣು ಲ್ಯಾಂಪ್‌ಹೌಸಿನೊಳಗೆ ಉರಿಯುವ ಎರಡು ಕಾರ್ಬನ್ ಕಡ್ಡಿಗಳ ಮೇಲೆ ಇರಬೇಕು. ಕಡ್ಡಿ ಸವೆದು ನಡುವೆ ಅಂತರ ಬಿದ್ದರೆ ಪರದೆ ಹಳದಿಯಾಗುತ್ತದೆ, ಇನ್ನೂ ಬಿಟ್ಟರೆ ಕತ್ತಲಾಗುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಗದರಿಸಿದ್ದರು: “ಲೇ ಹೈದ, ಕಾರ್ಬನ್ ನೋಡ್ಕೊ, ಪಿಚ್ಚರ್ ನೋಡ್ಬೇಡ. ಪಿಚ್ಚರ್ ಕಿವೀಲಿ ಕೇಳು, ಸಾಕು.” ಹಾಗಾಗಿ ನಾನು ಭಯದ ಸಿನಿಮಾಗಳನ್ನು ಕಲಿತದ್ದೆಲ್ಲ ಕಿವಿಯಲ್ಲಿ. ನಮ್ಮ ಬೆಟ್ಟಗಳ ಸಿನಿಮಾ ಚರಿತ್ರೆಯನ್ನೂ ನಾನು ಕಿವಿಯಿಂದಲೇ ಹೇಳಬಲ್ಲೆ.

ಮೊದಲು ಬಂಡೆಯ ಮಾತು. ರಾಮನಗರದ ಕಲ್ಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ಮೈಸೂರಿನಲ್ಲಿ ಬ್ರಿಟಿಷರ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರು ಊರಿಗೆ ಬಂತು, ಊರಿನದು ಕಲ್ಲಿಗೆ ಬಂತು. ಊರು ಆಮೇಲೆ ರಾಮನಗರವಾಯಿತು, ಕಲ್ಲು ಮಾತ್ರ ಹಳೆಯ ಹೆಸರಲ್ಲೇ ಉಳಿಯಿತು. ಸುಮಾರು 250 ಕೋಟಿ ವರ್ಷ ಹಳೆಯ ಈ ಕಲ್ಲಿನ ಪಟ್ಟಿ ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಹಬ್ಬಿದೆ. ಮಣ್ಣೆಲ್ಲ ತೊಳೆದುಹೋಗಿ ಬೋಳು ಮೈ ತೋರಿಸಿ ನಿಂತಿರುವುದು ನಮ್ಮ ಕಡೆ. ಮರಗಿಡ ಇದ್ದಲ್ಲಿ ಸದ್ದು ಎಲೆಗಳ ನಡುವೆ ಕರಗುತ್ತದೆ. ಬೋಳು ಬಂಡೆ ಅದನ್ನು ಹಿಂದಕ್ಕೆ ಎಸೆಯುತ್ತದೆ. ಎದುರಿನ ಗೋಡೆ 17 ಮೀಟರಿಗಿಂತ ದೂರವಿದ್ದರೆ ನಮ್ಮ ದನಿ ನಮಗೇ ಬೇರೆಯಾಗಿ ಕೇಳಿಸತೊಡಗುತ್ತದೆ. 170 ಮೀಟರ್ ದೂರದ ಬಂಡೆಗೆ ಕೂಗಿದರೆ ಉತ್ತರ ಬರಲು ಒಂದು ಸೆಕೆಂಡು. ಆ ಒಂದು ಸೆಕೆಂಡಿನಲ್ಲಿ ಏನಾಗುತ್ತದೆ ಎಂಬುದನ್ನು ನಮ್ಮೂರಿನ ದನ ಕಾಯುವ ಹುಡುಗರಾಗಿದ್ದ ನಾವೆಲ್ಲ ಬಲ್ಲೆವು. ಕೂಗಿದವನು ನಾನೇ ಎಂದು ಗೊತ್ತಿದ್ದರೂ, ಉತ್ತರ ಬಂದಾಗ ಅಲ್ಲಿ ಬೇರೆ ಯಾರೋ ಇದ್ದಾರೆ ಅನ್ನಿಸುತ್ತದೆ. ಅದರಲ್ಲೂ ದೀಪ ಹಚ್ಚುವ ಹೊತ್ತಿನಲ್ಲಿ.

1973ರಲ್ಲಿ ‘ಶೋಲೆ’ ತೆಗೆಯಲು ಬೊಂಬಾಯಿಯ ಜನ ನಮ್ಮ ರಾಮದೇವರ ಬೆಟ್ಟದ ಬುಡಕ್ಕೆ ಬಂದರು. ರಮೇಶ್ ಸಿಪ್ಪಿ ನಿರ್ದೇಶಕ, ಜಿ.ಪಿ. ಸಿಪ್ಪಿ ನಿರ್ಮಾಪಕ, ದ್ವಾರಕಾ ದಿವೇಚಾ ಛಾಯಾಗ್ರಾಹಕ. ಕಲಾನಿರ್ದೇಶಕ ರಾಮ್ ಯೆಡೇಕರ್ ಬಯಲಲ್ಲಿ ಒಂದು ಊರನ್ನೇ ಕಟ್ಟಿದರು. ಹೆದ್ದಾರಿಯಿಂದ ಅಲ್ಲಿಗೆ ರಸ್ತೆಯಾಯಿತು. ಆ ಜಾಗವನ್ನು ಜನ ಸಿಪ್ಪಿ ನಗರ ಎಂದು ಕರೆದರು. ನಾನಾಗ ಶಾಲೆಗೆ ಹೋಗುವ ಹುಡುಗ. ಅಪ್ಪ ರೇಷ್ಮೆ ನೂಲು ಬಿಚ್ಚುವ ಚರಕದ ಮುಂದೆ ಕೂರುತ್ತಿದ್ದವರು. ಬೆಳಿಗ್ಗೆ ಗೂಡು ಬೇಯಿಸುವ ಕೆಲಸಕ್ಕೆ ಕೈಜೋಡಿಸಿ, ಆಮೇಲೆ ಶೂಟಿಂಗ್ ನೋಡಲು ಓಡುತ್ತಿದ್ದೆವು. ನೋಡಿದ್ದು ಬರೀ ಕಾಯುವಿಕೆ. ಬಿಸಿಲಿಗಾಗಿ ಕಾಯುವುದು, ಮೋಡಕ್ಕಾಗಿ ಕಾಯುವುದು, ಸಂಜೆಗಾಗಿ ಕಾಯುವುದು. ಠಾಕೂರನ ವಿಧವೆ ಸೊಸೆ ರಾಧಾ ಮಹಡಿಯಲ್ಲಿ ಒಂದೊಂದಾಗಿ ದೀಪ ಆರಿಸುವ, ಕೆಳಗೆ ನಾಯಕ ಜೈ ಮೌತ್ ಆರ್ಗನ್ ನುಡಿಸುವ ಆ ಪುಟ್ಟ ದೃಶ್ಯಗಳಿಗೆ 20 ದಿನ ಹಿಡಿಯಿತು. ಹೊತ್ತು ಮುಳುಗಿದ ಮೇಲೆ, ಕತ್ತಲಾಗುವ ಮೊದಲು ಸಿಗುವ ಬೆಳಕು ದಿನಕ್ಕೆ ಕೆಲವೇ ನಿಮಿಷದ್ದು. ಆಗ ನಮಗೆ ಇದು ಹುಚ್ಚಾಟವೆನಿಸಿತ್ತು. ಪರದೆಯ ಮೇಲೆ ಅದನ್ನು ಕಂಡಾಗ, ಆ ಮನೆಯಲ್ಲಿ ಸಾವು ಇನ್ನೂ ಕೂತಿದೆ ಎಂದು ಯಾರೂ ಹೇಳದೆ ಗೊತ್ತಾಗುತ್ತದೆ.

‘ಶೋಲೆ’ ದೆವ್ವದ ಚಿತ್ರವಲ್ಲ, ಡಕಾಯಿತರ ಚಿತ್ರ. ಆದರೆ ಭಯವನ್ನು ಮೆಲ್ಲಗೆ ಕಟ್ಟುವ ಕೆಲಸ ಅದರಲ್ಲಿ ಆಗಿರುವಷ್ಟು ಚೆನ್ನಾಗಿ ನಮ್ಮ ಎಷ್ಟೋ ದೆವ್ವದ ಚಿತ್ರಗಳಲ್ಲಿ ಆಗಿಲ್ಲ. ಗಬ್ಬರ್ ಬರುವ ರೀತಿಯನ್ನೇ ನೋಡಿ. ಮೊದಲು ಮುಖವಿಲ್ಲ. ಬಂಡೆಯ ಮೇಲೆ ಬೂಟಿನ ಹೆಜ್ಜೆ, ಕೈಯಲ್ಲಿ ಹಿಡಿದ ಬೆಲ್ಟಿನ ಬಕ್ಕಲ್ ಕಲ್ಲಿಗೆ ಉಜ್ಜಿ ಆಗುವ ಕರಕರ. ತಪ್ಪು ಮಾಡಿ ಬಂದ ಮೂವರು ಕೆಳಗೆ ನಿಂತಿದ್ದಾರೆ, ಅವರಿಗೆ ಆ ಸದ್ದು ತಮ್ಮ ತಲೆಯ ಮೇಲಿಂದ ಕೇಳುತ್ತಿದೆ. ಆಮೇಲೆ ಪಿಸ್ತೂಲಿನ ಆಟ. ಆರು ಗುಂಡಿನಲ್ಲಿ ಮೂರು ಗಾಳಿಗೆ ಹಾರಿಸುತ್ತಾನೆ, ಮೂರು ಗುಂಡು ಉಳಿದ ಚಕ್ರವನ್ನು ತಿರುಗಿಸಿಬಿಡುತ್ತಾನೆ, ಮೂವರ ತಲೆಗೂ ಒತ್ತುತ್ತಾನೆ. ಮೂರು ಸಲವೂ ಬರೀ ‘ಟಕ್’. ಅವನು ನಗುತ್ತಾನೆ, ಸಾಯಬೇಕಿದ್ದವರೂ ನಗುತ್ತಾರೆ, ಗುಂಪೆಲ್ಲ ನಗುತ್ತದೆ, ಬಂಡೆಗಳೂ ನಗುತ್ತವೆ. ನಗು ಬೇಕಾದ್ದಕ್ಕಿಂತ ಉದ್ದವಾಗುತ್ತದೆ. ಆ ಉದ್ದವೇ ಭಯ. ಗುಂಡು ಹಾರುವುದು ಆಮೇಲಿನ ಮಾತು.

ಇಮಾಮರ ಮಗ ಅಹ್ಮದ್‌ನ ಸಾವು ಇದಕ್ಕಿಂತಲೂ ದೊಡ್ಡ ಪಾಠ. ಗಬ್ಬರ್ ಮಲಗಿದ್ದಾನೆ. ಅವನ ತೋಳಿನ ಮೇಲೆ ಒಂದು ಇರುವೆ ಹರಿಯುತ್ತದೆ. ಅದನ್ನು ನೋಡುತ್ತಾನೆ, ಹೊಸಕುತ್ತಾನೆ. ಮುಂದೆ ನಾವು ಕಾಣುವುದು ಹೆಣ ಹೊತ್ತು ಊರಿಗೆ ಬರುವ ಕುದುರೆಯನ್ನು. ಈ ಪ್ರಸಂಗದ ಚಿತ್ರೀಕರಣಕ್ಕೆ 19 ದಿನ ಹಿಡಿದಿತ್ತು. ತೆರೆಗೆ ಬಂದ ಪ್ರತಿಯಲ್ಲಿ ಕೊಲೆ ಇಲ್ಲ, ಇರುವೆ ಇದೆ. ಕೊಲೆ ಕಂಡಿದ್ದರೆ ಜನ ಮರೆಯುತ್ತಿದ್ದರು. ಸಂಕಲನಕಾರ ಎಂ.ಎಸ್. ಶಿಂದೆಯವರಿಗೆ ಫಿಲ್ಮ್‌ಫೇರ್ ಬಂತು, ‘ಶೋಲೆ’ಗೆ ಆ ವರ್ಷ ಬಂದ ಒಂದೇ ಫಿಲ್ಮ್‌ಫೇರ್ ಅದು. ಯಾವುದನ್ನು ಕತ್ತರಿಸಬೇಕು ಎಂದು ತಿಳಿದವರಿಗೆ ಆ ಗೌರವ ಸಂದದ್ದು ನನಗೆ ಇವತ್ತಿಗೂ ಸಂತೋಷದ ವಿಷಯ.

ಚಿತ್ರ 1975ರ ಆಗಸ್ಟ್ 15ರಂದು ಬಿಡುಗಡೆಯಾಯಿತು. 35 ಎಂಎಂನಲ್ಲಿ ತೆಗೆದದ್ದನ್ನು ಹಿಗ್ಗಿಸಿ ದೊಡ್ಡ ನಗರಗಳಲ್ಲಿ 70 ಎಂಎಂ ತೋರಿಸಿದರು. ಶಬ್ದವನ್ನು ಹೊಂದಿಸಿದವರು ಮಂಗೇಶ್ ದೇಸಾಯಿ, ಸಂಗೀತ ಆರ್.ಡಿ. ಬರ್ಮನ್. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದಲ್ಲಿ ‘ಜಾಸ್’ ಬಂದಿತ್ತು. ಅದರ ಯಂತ್ರದ ಶಾರ್ಕ್ ಪದೇಪದೇ ಕೆಟ್ಟುಹೋದ್ದರಿಂದ ಸ್ಪೀಲ್‌ಬರ್ಗ್ ಮೀನನ್ನು ಬಚ್ಚಿಟ್ಟು, ಬರೀ ಸಂಗೀತ ಮತ್ತು ನೀರು ತೋರಿಸಿ ಜನರನ್ನು ಹೆದರಿಸಿದ. ಇನ್ನೂ ಹಿಂದೆ, 1942ರ ‘ಕ್ಯಾಟ್ ಪೀಪಲ್’ನಲ್ಲಿ ಕತ್ತಲ ಬೀದಿಯಲ್ಲಿ ಒಬ್ಬಳೇ ನಡೆಯುವ ಹೆಂಗಸಿನ ಹಿಂದೆ ಹೆಜ್ಜೆ ಸದ್ದು ನಿಂತುಹೋಗುತ್ತದೆ. ಮೃಗ ಬಂತು ಎನ್ನುವ ಗಳಿಗೆಗೆ ಸರಿಯಾಗಿ ಬುಸ್ಸೆಂದು ಬಂದು ನಿಲ್ಲುವುದು ಒಂದು ಬಸ್ಸು. ನಮ್ಮ ದೇಶದಲ್ಲಿ ಈ ದಾರಿಗೆ ದೀಪ ಹಚ್ಚಿದ್ದು ಕಮಾಲ್ ಅಮ್ರೋಹಿಯವರ ‘ಮಹಲ್’, 1949. ಅದರಲ್ಲೂ ಉಯ್ಯಾಲೆ ಇದೆ. ಹಾಳುಬಿದ್ದ ಬಂಗಲೆ, ಎಲ್ಲಿಂದಲೋ ಬರುವ ಹಾಡು, ಉಯ್ಯಾಲೆಯ ಮೇಲೆ ಮಧುಬಾಲಾ. ಉಯ್ಯಾಲೆ ನಮ್ಮ ಮನೆಗಳಲ್ಲಿ ಸುಖದ ಗುರುತು, ಮಕ್ಕಳ ಗುರುತು. ಅದು ಯಾರೂ ಇಲ್ಲದೆ ತೂಗಿದರೆ ನಮ್ಮವರಿಗೆ ಬೇರೆ ವಿವರಣೆ ಬೇಡ.

ಇನ್ನು ಟೆಂಟಿನ ವಿಷಯ. ಟೂರಿಂಗ್ ಟಾಕೀಸಿನಲ್ಲಿ ಕತ್ತಲಾಗದೆ ಆಟವಿಲ್ಲ. ಸಂಜೆ ಮೈಕಿನಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಹಾಕಿದರೆ ಸುತ್ತಲ ಹಳ್ಳಿಯವರು ಊಟ ಮುಗಿಸಿ ಹೊರಡುತ್ತಿದ್ದರು. ನೆಲ, ಬೆಂಚು, ಕುರ್ಚಿ ಎಂದು ಮೂರು ತರಗತಿ. ನೆಲದಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂರುವುದು, ಹೆಂಗಸರಿಗೆ ಬೇರೆ ಕಡೆ. ಎಲ್ಲರ ಮಡಿಲಲ್ಲೂ ಕಡಲೆಕಾಯಿ. ನನಗೆ ಭಯದ ಅಳತೆಗೋಲು ಆ ಕಡಲೆಕಾಯಿಯೇ ಆಗಿತ್ತು. ಇಡೀ ಟೆಂಟಿನಲ್ಲಿ ಸಿಪ್ಪೆ ಒಡೆಯುವ ಚಟಪಟ ಸದ್ದು ಸದಾ ಇರುತ್ತಿತ್ತು. ಹಾಡಿಗೆ ಜೋರಾಗುತ್ತಿತ್ತು, ಹಾಸ್ಯಕ್ಕೂ ಜೋರು. ಪರದೆಯ ಮೇಲೆ ಏನೋ ಆಗಲಿದೆ ಎನ್ನುವ ಹೊತ್ತಿಗೆ ಮೆಲ್ಲಗೆ ಕಡಿಮೆಯಾಗಿ, ಒಂದು ಹಂತದಲ್ಲಿ ಪೂರಾ ನಿಂತುಬಿಡುತ್ತಿತ್ತು. ಆ ಗಳಿಗೆ ಬಂದರೆ ನಿರ್ದೇಶಕ ಗೆದ್ದ ಎಂದು ಕಿಂಡಿಯ ಹಿಂದೆ ನಿಂತ ನನಗೆ ತಿಳಿಯುತ್ತಿತ್ತು. ಪರದೆಯ ಮೇಲೆ ರಕ್ತ ಸುರಿಯುವಾಗ ಕಡಲೆಕಾಯಿ ನಿಂತದ್ದನ್ನು ನಾನು ಕಂಡಿಲ್ಲ. ಅದು ನಿಲ್ಲುತ್ತಿದ್ದುದು ಬಾಗಿಲು ತಾನಾಗಿ ಸರಿದಾಗ, ಹೆಜ್ಜೆ ಸದ್ದು ಕೇಳಿ ಯಾರೂ ಕಾಣದಾಗ.

ಈ ಗಳಿಗೆಯನ್ನು ಉಳಿಸುವುದೂ ಕೆಡಿಸುವುದೂ ಆಪರೇಟರನ ಕೈಯಲ್ಲಿತ್ತು. ಫಿಲ್ಮಿನ ಅಂಚಿನಲ್ಲಿ ದನಿ ಒಂದು ಸಣ್ಣ ಏರಿಳಿತದ ಗೆರೆಯಾಗಿ ಅಚ್ಚಾಗಿರುತ್ತದೆ. ಎಕ್ಸೈಟರ್ ಲ್ಯಾಂಪಿನ ಬೆಳಕು ಆ ಗೆರೆಯನ್ನು ಹಾದು ಫೋಟೋಸೆಲ್ ಮೇಲೆ ಬಿದ್ದರೆ ಅದು ಸ್ಪೀಕರಿನಲ್ಲಿ ಮಾತಾಗುತ್ತದೆ. ಚಿತ್ರ ತೋರಿಸುವ ಗೇಟು ಒಂದು ಕಡೆ, ದನಿ ಓದುವ ಜಾಗ ಅದಕ್ಕಿಂತ ಕೆಳಗೆ. ಆದ್ದರಿಂದ ಪ್ರಿಂಟಿನಲ್ಲಿ ದನಿಯನ್ನು ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಇಟ್ಟಿರುತ್ತಾರೆ. ಈ ಎರಡರ ನಡುವೆ ಫಿಲ್ಮನ್ನು ಸಡಿಲವಾಗಿ ಬಿಡುವ ಬಾಗಿಗೆ ಲೂಪ್ ಎನ್ನುತ್ತಿದ್ದೆವು. ಲೂಪ್ ಸ್ವಲ್ಪ ಹೆಚ್ಚು ಕಡಿಮೆಯಾದರೆ ಸದ್ದು ಹಿಂದೆ ಮುಂದೆ. ಸೆಕೆಂಡಿಗೆ 24 ಫ್ರೇಮ್ ಓಡುವ ಚಿತ್ರದಲ್ಲಿ ಐದಾರು ಫ್ರೇಮ್ ತಪ್ಪಿದರೂ ಬಾಗಿಲು ತೆರೆಯುವ ಮೊದಲೇ ಕಿರುಗುಟ್ಟುತ್ತದೆ. ಹಾಡಿನಲ್ಲಿ ಅದನ್ನು ಯಾರೂ ಹಿಡಿಯುವುದಿಲ್ಲ. ಭಯದ ದೃಶ್ಯದಲ್ಲಿ ಏನು ಕೆಟ್ಟಿತು ಎಂದು ಹೇಳಲು ಬಾರದವರೂ ಕಡಲೆಕಾಯಿ ಒಡೆಯಲು ಶುರುಮಾಡುತ್ತಾರೆ.

ಒಂದೇ ಪ್ರೊಜೆಕ್ಟರ್ ಇದ್ದ ಟೆಂಟಿನಲ್ಲಿ ಇನ್ನೊಂದು ಕಷ್ಟವಿತ್ತು. 2000 ಅಡಿಯ ಸ್ಪೂಲು ಓಡುವುದು 22 ನಿಮಿಷ. ಆಮೇಲೆ ದೀಪ ಹಾಕಿ ರೀಲು ಬದಲಿಸಬೇಕು. ದೆವ್ವ ಬರುವ ಹೊತ್ತಿಗೆ ರೀಲು ಮುಗಿದರೆ ಜನ ನನ್ನನ್ನು ಬೈಯುತ್ತಿದ್ದರು. ಹಳೆಯ ಪ್ರಿಂಟಿನಲ್ಲಿ ಮೌನ ಮೌನವಾಗಿರುತ್ತಲೂ ಇರಲಿಲ್ಲ, ಗೀರು ಬಿದ್ದ ಗೆರೆ ಕರಕರ ಅನ್ನುತ್ತಿತ್ತು. ಅದರ ಜೊತೆಗೆ ಜನರೇಟರಿನ ದುಗುದುಗು, ಜೀರುಂಡೆ, ಗಾಳಿಗೆ ಬಡಿಯುವ ಟೆಂಟಿನ ಬಟ್ಟೆ. ಆದರೆ ಇವೇ ಕೆಲವೊಮ್ಮೆ ಚಿತ್ರಕ್ಕೆ ಒದಗಿಬರುತ್ತಿದ್ದವು. ‘ನಾ ನಿನ್ನ ಬಿಡಲಾರೆ’ ಹಾಕಿದ್ದ ಒಂದು ಎರಡನೇ ಆಟದಲ್ಲಿ ಹೊರಗೆ ನಾಯಿಯೊಂದು ಊಳಿಟ್ಟಿತು. ಹೆಂಗಸರ ಕಡೆಯಿಂದ ಎದ್ದ ಕಿರುಚಾಟಕ್ಕೆ ಗೇಟಿನವನೂ ಒಳಗೆ ಓಡಿಬಂದ. 1979ರ ಆ ಚಿತ್ರ ವಿಜಯ್ ನಿರ್ದೇಶನದ್ದು, ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ್ದು, ರಾಜನ್‌–ನಾಗೇಂದ್ರ ಸಂಗೀತದ್ದು. ಗಂಡಸಿನ ಮೈಮೇಲೆ ಹೆಣ್ಣು ದೆವ್ವ ಬರುವುದನ್ನು ಅನಂತನಾಗ್ ಮಾಡಿದ ರೀತಿಗೆ ನಮ್ಮ ಟೆಂಟಿನಲ್ಲಿ ಎಷ್ಟೋ ಜನ ಕೈಮುಗಿದು ಕೂರುತ್ತಿದ್ದರು. ಅದರ ಹಿಂದಿನ ವರ್ಷ ಕಾಶಿನಾಥರ ‘ಅಪರಿಚಿತ’ ಬಂದಿತ್ತು. ದೆವ್ವವಿಲ್ಲದೆಯೂ ಅನುಮಾನವೊಂದರಿಂದಲೇ ಜನರನ್ನು ಕೂರಿಸಬಹುದು ಎಂದು ಕನ್ನಡಕ್ಕೆ ತೋರಿಸಿದ ಚಿತ್ರ ಅದು.

ಆಟ ಮುಗಿದ ಮೇಲೆ ಮನೆಗೆ ನಡೆಯುವುದೂ ಚಿತ್ರದ ಭಾಗವೇ ಆಗಿತ್ತು. ಮಧ್ಯರಾತ್ರಿ, ಲಾಟೀನು, ಹುಣಸೆಮರದ ಸಾಲು. ಒಬ್ಬೊಬ್ಬರೇ ಹೊರಡುತ್ತಿರಲಿಲ್ಲ. “ತಡಿ ಕಣವ್ವ, ನಾವೂ ಬತ್ತೀವಿ” ಎಂದು ಕರೆದು ಕೂಡಿಕೊಂಡು ಗುಂಪಾಗಿ ಹೋಗುತ್ತಿದ್ದರು. ಕನಕಪುರದ ಕಾಡಂಚಿನವರಿಗೆ ಆನೆಯ ಭಯ, ರಾಮದೇವರ ಬೆಟ್ಟದ ಕಡೆಯವರಿಗೆ ಕರಡಿಯದು, ಚಿರತೆಯದು. ಆ ಭಯಗಳು ನಿಜವಾದವು. ಸಿನಿಮಾದ ಭಯ ಅವುಗಳ ಜೊತೆ ಬೆರೆತು ದಾರಿಯುದ್ದಕ್ಕೂ ಬರುತ್ತಿತ್ತು.

ಮಾಗಡಿ ಕಡೆಗೆ ಬರುತ್ತೇನೆ. ಸಾವನದುರ್ಗ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಕಲ್ಲು. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ನೆತ್ತಿ. ಬುಡದಲ್ಲಿ ವೀರಭದ್ರ, ನರಸಿಂಹ. ಮಾಗಡಿ ಕೆಂಪೇಗೌಡರ ವಂಶದವರ ಕೋಟೆ ಇದ್ದ ಬೆಟ್ಟ, 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನವರಿಂದ ಇದನ್ನು ಕಿತ್ತುಕೊಂಡಿತು. 1980ರ ದಶಕದಲ್ಲಿ ಇಲ್ಲಿಗೆ ಸಿನಿಮಾ ತೆಗೆಯಲು ಬಂದವನು ಇಂಗ್ಲೆಂಡಿನ ನಿರ್ದೇಶಕ ಡೇವಿಡ್ ಲೀನ್. ಆ ಚಿತ್ರಕ್ಕೆ ಆಧಾರ ಇ.ಎಂ. ಫಾರ್‌ಸ್ಟರ್ 1924ರಲ್ಲಿ ಬರೆದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿ. ಅದರ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಗುಹೆಗಳು. ಅಶೋಕನ ಕಾಲದಲ್ಲಿ ಆಜೀವಿಕರಿಗಾಗಿ ಕೊರೆದು ಕನ್ನಡಿಯಂತೆ ಉಜ್ಜಿದ ಗ್ರಾನೈಟ್ ಗೋಡೆಗಳು, ಅದಕ್ಕೇ ಅಲ್ಲಿ ದನಿ ಮೊಳಗುತ್ತದೆ. ಲೀನ್ ಅಲ್ಲಿಗೆ ಹೋಗಿ ನೋಡಿದ, ಆ ಬೆಟ್ಟ ಚಪ್ಪಟೆ ಎನಿಸಿತು. ಸಾವನದುರ್ಗವನ್ನೂ ರಾಮದೇವರ ಬೆಟ್ಟವನ್ನೂ ಆರಿಸಿಕೊಂಡ. ನಮ್ಮ ಬಂಡೆಯಲ್ಲಿ ಅವನಿಗೆ ಬೇಕಾದಂಥ ಗುಹೆ ಇರಲಿಲ್ಲ, ಆದ್ದರಿಂದ ಪುಟ್ಟ ಬಾಯಿಗಳನ್ನು ಕೊರೆಸಿದ.

1984ರಲ್ಲಿ ಚಿತ್ರ ಬಂತು. ಟೆಂಟಿಗೆ ಇಂಗ್ಲಿಷ್ ಚಿತ್ರ ಬರುವುದಿಲ್ಲ, ನಾನು ಬೆಂಗಳೂರಿನಲ್ಲಿ ನೋಡಿದೆ. ನನಗೆ ಭಾಷೆ ಪೂರ್ತಿ ತಿಳಿಯಲಿಲ್ಲ, ಗುಹೆಯ ದೃಶ್ಯಕ್ಕೆ ಭಾಷೆ ಬೇಕಾಗಲೂ ಇಲ್ಲ. ಮುದುಕಿ ಮಿಸೆಸ್ ಮೂರ್ ಜನರ ಜೊತೆ ಒಳಗೆ ಹೋಗುತ್ತಾಳೆ. ಕತ್ತಲು, ಇಕ್ಕಟ್ಟು, ಯಾರದೋ ಕೂಗು. ಕೂಗು ಗೋಡೆಯಿಂದ ಗೋಡೆಗೆ ಬಡಿದು ಮಾತಿನ ಆಕಾರ ಕಳೆದುಕೊಂಡು ಬರೀ ಮೊಳಗಾಗುತ್ತದೆ. ಅವಳಿಗೆ ಉಸಿರು ಕಟ್ಟುತ್ತದೆ, ಹೊರಗೆ ಬರುತ್ತಾಳೆ. ಅವಳಿಗೆ ಯಾರೂ ಏನೂ ಮಾಡಿಲ್ಲ. ಆಮೇಲೆ ಅಡೆಲಾ ಒಬ್ಬಳೇ ಇನ್ನೊಂದು ಗುಹೆಗೆ ಹೋಗುತ್ತಾಳೆ, ಬೆಂಕಿಕಡ್ಡಿ ಗೀರುತ್ತಾಳೆ. ಗುಹೆಯ ಬಾಯಲ್ಲಿ ಡಾಕ್ಟರ್ ಅಜೀಜನ ಕಪ್ಪು ಆಕಾರ, ಅವಳ ಹೆಸರು ಕೂಗುತ್ತಾನೆ. ಕಡ್ಡಿ ಆರುತ್ತದೆ. ಒಳಗೆ ಏನಾಯಿತು ಎಂಬುದನ್ನು ಲೀನ್ ತೋರಿಸುವುದಿಲ್ಲ. ಮುಂದಿನ ಕೋರ್ಟು, ಗಲಭೆ, ಒಬ್ಬ ಮನುಷ್ಯನ ಮಾನ, ಎಲ್ಲವೂ ಆ ತೋರಿಸದ ಗಳಿಗೆಯ ಮೇಲೆ ನಿಂತಿವೆ. ಮಿಸೆಸ್ ಮೂರ್ ಆಗಿ ನಟಿಸಿದ ಪೆಗಿ ಆಶ್‌ಕ್ರಾಫ್ಟ್‌ಗೂ ಸಂಗೀತದ ಮೋರಿಸ್ ಜಾರ್‌ಗೂ ಆಸ್ಕರ್ ಬಂತು. ನಾನು ಸೀಟಿನಲ್ಲಿ ಕೂತು ಯೋಚಿಸಿದ್ದು ಒಂದೇ: ದನ ಕಾಯುವಾಗ ನಮ್ಮನ್ನು ಹೆದರಿಸಿದ್ದ ಆ ಉತ್ತರವನ್ನು ಈ ಮನುಷ್ಯ ಎಲ್ಲಿಂದಲೋ ಬಂದು ಹಿಡಿದುಬಿಟ್ಟ.

ಅಷ್ಟರಲ್ಲಿ ನಮ್ಮ ಟೆಂಟುಗಳ ಕಾಲ ಮುಗಿಯುತ್ತಾ ಬಂದಿತ್ತು. ಟಿವಿ ಬಂತು, ವಿಡಿಯೋ ಬಂತು, 1987ರಲ್ಲಿ ‘ರಾಮಾಯಣ’ ಧಾರಾವಾಹಿ ಬಂತು. ಜನ ಕತ್ತಲಲ್ಲಿ ಮರಳಿನ ಮೇಲೆ ಕೂರುವುದನ್ನು ಬಿಟ್ಟರು. ಭಯ ಮಾತ್ರ ಉಳಿಯಿತು. 1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ನಮ್ಮ ಹಳ್ಳಿಗಳವರೆಗೆ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು ಶುರುವಾಯಿತು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟು ಬಾಗಿಲು ತೆರೆದವರು ಉಳಿಯುವುದಿಲ್ಲ ಎಂಬ ಮಾತು. 2018ರ ಹಿಂದಿ ‘ಸ್ತ್ರೀ’ ಚಿತ್ರಕ್ಕೆ ಇದೇ ಎಳೆ. ನಮ್ಮ ಕೇರಿಯಲ್ಲಿ ಒಬ್ಬರೂ ಆ ದೆವ್ವವನ್ನು ಕಂಡವರಿಲ್ಲ. ಕಂಡೆ ಎಂದು ಸುಳ್ಳು ಹೇಳಿದವರೂ ಇಲ್ಲ. ಎಲ್ಲರೂ ಹೇಳಿದ್ದು ದನಿಯ ಬಗ್ಗೆ. ಯಾವ ನಿರ್ದೇಶಕನೂ ಇಲ್ಲದೆ ಜನ ತಾವೇ ಕಟ್ಟಿಕೊಂಡ ಈ ಭಯ ಒಳ್ಳೆಯ ಸಿನಿಮಾದ ದಾರಿಯಲ್ಲೇ ನಡೆದಿತ್ತು: ಪರಿಚಿತ ದನಿ, ಮುಚ್ಚಿದ ಬಾಗಿಲು, ಆಚೆ ಏನಿದೆಯೋ ತಿಳಿಯದು.

ಆಮೇಲಿನ ಕನ್ನಡ ಚಿತ್ರಗಳಲ್ಲಿ ಈ ದಾರಿ ಹಿಡಿದವು ಗೆದ್ದಿವೆ. 2004ರ ‘ಆಪ್ತಮಿತ್ರ’ದಲ್ಲಿ ಬೀಗ ಹಾಕಿದ ಕೋಣೆಯೂ ರಾತ್ರಿಯ ಗೆಜ್ಜೆ ಸದ್ದೂ ಮಾಡಿದ ಕೆಲಸವನ್ನು ಯಾವ ಬಿಳಿ ಸೀರೆಯೂ ಮಾಡಲಾರದು. ಈಗ ಬರುವ ಬಹಳಷ್ಟು ಚಿತ್ರಗಳು ಐದು ನಿಮಿಷಕ್ಕೊಮ್ಮೆ ಸ್ಪೀಕರ್ ಒಡೆಯುವಂತೆ ಸದ್ದು ಮಾಡಿ ಬೆಚ್ಚಿಬೀಳಿಸುತ್ತವೆ. ಬೆಚ್ಚುವುದು ಬೇರೆ, ಹೆದರುವುದು ಬೇರೆ. ಬೆಚ್ಚಿದವನು ಮರುಕ್ಷಣ ಕಡಲೆಕಾಯಿಗೆ ಕೈ ಹಾಕುತ್ತಾನೆ, ಹೆದರಿದವನು ಮನೆಗೆ ಹೋಗಲು ಜೊತೆ ಹುಡುಕುತ್ತಾನೆ. ಸಿನಿಮಾ ಮಾಡಲು ಬರುವ ಹುಡುಗರು ನನ್ನನ್ನು ಕೇಳಿದರೆ ಇಷ್ಟು ಹೇಳುತ್ತೇನೆ: ಒಂದು ರಾತ್ರಿ ಬಂಡೆಯ ಬಳಿ ಸುಮ್ಮನೆ ಕೂತು ಬನ್ನಿ, ಆಮೇಲೆ ಮ್ಯೂಸಿಕ್ ಡೈರೆಕ್ಟರನ್ನು ಹುಡುಕಿ.

ಠಾಕೂರನ ಮನೆಯಾಗಲಿ ಉಯ್ಯಾಲೆಯಾಗಲಿ ಈಗ ಇಲ್ಲ, ಸೆಟ್ಟನ್ನು ಆಗಲೇ ಬಿಚ್ಚಿದರು. 2025ರ ಜೂನ್‌ನಲ್ಲಿ ‘ಶೋಲೆ’ಯ ದುರಸ್ತಿ ಮಾಡಿದ ಪ್ರತಿಯನ್ನು ಇಟಲಿಯ ಬೊಲೋನ್ಯಾದಲ್ಲಿ ತೋರಿಸಿದರು. ಬಂಡೆಗಳು ಇಲ್ಲೇ ಇವೆ. ರಾಮದೇವರ ಬೆಟ್ಟವನ್ನು 2012ರಲ್ಲಿ ಸರ್ಕಾರ ರಣಹದ್ದುಗಳ ಧಾಮವೆಂದು ಘೋಷಿಸಿದೆ. ಸುಮಾರು 346 ಹೆಕ್ಟೇರ್, ದೇಶದಲ್ಲೇ ಇಂಥದ್ದು ಮೊದಲನೆಯದು. ಉದ್ದ ಕೊಕ್ಕಿನ ರಣಹದ್ದುಗಳು ಆ ಕಡಿದಾದ ಕಲ್ಲಿನ ಸಂದುಗಳಲ್ಲಿ ಗೂಡು ಮಾಡುತ್ತವೆ, ವರ್ಷಕ್ಕೆ ಒಂದೇ ಮೊಟ್ಟೆ. ವಾರದ ಕೊನೆಗೆ ಬರುವ ಹುಡುಗರು ಮೆಟ್ಟಿಲ ಮೇಲೆ ನಿಂತು ಗಬ್ಬರನ ಮಾತನ್ನು ಕಿರುಚಿ ಬಂಡೆಯಿಂದ ಉತ್ತರ ಬರಿಸಿಕೊಂಡು ನಗುತ್ತಾರೆ, ಕೆಲವರು ಸ್ಪೀಕರನ್ನೂ ಹೊತ್ತು ತರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಕ್ಕಿ ಗೂಡು ಬಿಟ್ಟು ಹೋದರೆ ಆ ವರ್ಷದ ಮರಿ ಹೋಯಿತು. ಬೆಟ್ಟಕ್ಕೆ ಬನ್ನಿ, ಬಾಯಿ ಮುಚ್ಚಿ ಕೂರಿ, ಕೇಳಿಸಿಕೊಂಡು ಇಳಿದು ಹೋಗಿ.